ಅಪ್ಪ ಅಮ್ಮನ ಜೊತೆ ಬ್ರೂಜ್‌ನಲ್ಲಿ ಒಂದು ದಿನ: ಏನು ನೋಡಬೇಕು, ಏನು ಬಿಡಬಹುದು?

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮೇ ತಿಂಗಳಲ್ಲಿ ಒಂದು ದಿನ ಬೆಲ್ಜಿಯಂನದೇ ಹಳೆಯ ಊರು ಬ್ರೂಜ್‌ಗೆ ಕರೆದುಕೊಂಡು ಹೋಗಬೇಕು ಅಂತಿದೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್.

ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಕಾಲುವೆ, ಸೇತುವೆ ಮುಂದೆ ನಿಲ್ಲಿಸಿ ಫೋಟೋ ತೆಗೆದರೆ ಅವರಿಗೆ ಸಾಲದು. ಈ ಊರಿನಲ್ಲಿ ಇಷ್ಟೊಂದು ದುಡ್ಡು ಎಲ್ಲಿಂದ ಬಂತು, ಆಮೇಲೆ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ನೆಟ್‌ನಲ್ಲಿ ಸಿಗುವ ಪಟ್ಟಿ ನೋಡಿದರೆ ಒಂದೇ ದಿನಕ್ಕೆ ಊರೆಲ್ಲ ಸುತ್ತಿಸುತ್ತಾರೆ. ಅಷ್ಟು ಆಗುವುದಿಲ್ಲ. ಅಲ್ಲಿ ಹೋಗಿ ಬಂದವರು, ಹತ್ತಿರದಲ್ಲೇ ಇರುವವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯವ

ಬ್ರೂಜ್ ಬಿಡ್ರಿ, ಗೆಂಟ್‌ಗೆ ಹೋಗಿ. ಅದೇ ರೈಲು, ಅದೇ ದಾರಿ, ಅರ್ಧ ಗಂಟೆ ಮೊದಲೇ ಇಳಿಯಬಹುದು. ಅಲ್ಲೂ ಕಾಲುವೆ ಇದೆ, ಗೋಪುರ ಇದೆ, ಕೋಟೆ ಇದೆ. ಸಂತ ಬಾವೋ ಕೆಥೆಡ್ರಲ್‌ನಲ್ಲಿ ವ್ಯಾನ್ ಐಕ್ ಸಹೋದರರು 1432ರಲ್ಲಿ ಮುಗಿಸಿದ ದೊಡ್ಡ ಚಿತ್ರವಿದೆ. ಮುಖ್ಯವಾಗಿ ಅಲ್ಲಿ ಜನ ಬದುಕುತ್ತಿದ್ದಾರೆ. ವಿದ್ಯಾರ್ಥಿಗಳಿದ್ದಾರೆ, ಟ್ರಾಮ್ ಓಡಾಡುತ್ತದೆ. ಬ್ರೂಜ್‌ನ ನಡುಪೇಟೆಯಲ್ಲಿ ಮಧ್ಯಾಹ್ನದ ಹೊತ್ತು ನೋಡಿದರೆ ಪ್ರವಾಸಿಗರೇ, ಮತ್ತೆ ಅವರಿಗೆ ಚಾಕೊಲೇಟ್ ಮಾರುವವರು. ವಯಸ್ಸಾದವರನ್ನು ಆ ಗದ್ದಲಕ್ಕೆ ಯಾಕೆ ಕರೆದೊಯ್ಯಬೇಕು?

ಗೆಂಟ್ ಕನ್ನಡಿಗ

ನಾನು ಗೆಂಟ್‌ನಲ್ಲೇ ಇರುವವನು. ನನ್ನ ಊರನ್ನು ಹೊಗಳಿದ್ದಕ್ಕೆ ಖುಷಿಯಾಯಿತು. ಆದರೂ ಈ ಅಪ್ಪನಿಗೆ ಬ್ರೂಜ್‌ ಅನ್ನೇ ತೋರಿಸಬೇಕು. ಅವರು ಕೇಳುವ ಪ್ರಶ್ನೆಗೆ ಉತ್ತರ ಅಲ್ಲಿ ಬೀದಿಯಲ್ಲೇ ಕಾಣುತ್ತದೆ. ಗದ್ದಲದ ಮಾತು ನಿಜ. ಅದಕ್ಕೆ ದಾರಿ ಇದೆ: ಎಲ್ಲರೂ ಹೋಗುವ ಹೊತ್ತಿಗೆ ಹೋಗಬೇಡಿ. ಬಸ್ಸುಗಳಲ್ಲಿ, ಹಡಗುಗಳಲ್ಲಿ ಬರುವ ಗುಂಪುಗಳು ಹನ್ನೊಂದರ ಮೇಲೆ ಸೇರಿ ಸಂಜೆ ಐದಕ್ಕೆಲ್ಲ ಹೊರಡುತ್ತವೆ. ನೀವು ಎಂಟೂವರೆಗೆ ಅಲ್ಲಿರಿ, ರಾತ್ರಿ ಊಟ ಮುಗಿಸಿ ಹೊರಡಿ. ಮೇ ತಿಂಗಳಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ.

ಬ್ರಸೆಲ್ಸ್‌ನಿಂದ ನೇರ ರೈಲಿದೆ, ಸುಮಾರು ಒಂದು ಗಂಟೆ. ಬೆಲ್ಜಿಯಂ ಒಳಗಿನ ರೈಲುಗಳಲ್ಲಿ ಸೀಟು ಕಾಯ್ದಿರಿಸುವುದಿಲ್ಲ. ಹಾಗಾಗಿ ಒಂದು ರೈಲು ತಪ್ಪಿದರೆ ಮುಂದಿನದನ್ನು ಹತ್ತಿ. ಬೋರ್ಡಿನಲ್ಲಿ ‘ಬ್ರುಗ್ಗೆ’ ಎಂದು ಇರುತ್ತದೆ, ಅದೇ ಊರು.

ನಿಲ್ದಾಣದಿಂದ ಊರ ನಡುವಿನ ಮಾರುಕಟ್ಟೆ ಚೌಕಕ್ಕೆ ನಡೆದರೆ ಇಪ್ಪತ್ತು ನಿಮಿಷ. ಬಸ್ಸೂ ಇದೆ. ಆದರೆ ಬೆಳಿಗ್ಗೆ ಬಸ್ ಬೇಡ ಅಂತೀನಿ, ನಿಧಾನವಾಗಿ ನಡೆಯಿರಿ. ಹತ್ತು ನಿಮಿಷದಲ್ಲಿ ಮಿನ್ನೆವಾಟರ್ ಕೆರೆ ಸಿಗುತ್ತದೆ. ಹಂಸಗಳು, ಹಳೆ ಕಾವಲು ಗೋಪುರ, ಕೂರಲು ಬೆಂಚು. ಅದರ ಪಕ್ಕದಲ್ಲೇ ಬೆಖೈನ್‌ಹಾಫ್. ಇದನ್ನು ದಯವಿಟ್ಟು ಬಿಡಬೇಡಿ. 1245ರ ಸುಮಾರಿಗೆ ಶುರುವಾದ ಹೆಂಗಸರ ಕೇರಿ ಇದು. ಮದುವೆಯಾಗದವರು, ಗಂಡ ಸತ್ತವರು ಇಲ್ಲಿ ಒಟ್ಟಿಗೆ ಇದ್ದರು. ಪ್ರಾರ್ಥನೆ ಮಾಡುತ್ತಿದ್ದರು, ಆದರೆ ಸನ್ಯಾಸಿನಿಯರಂತೆ ಜೀವನವಿಡೀ ಉಳಿಯುವ ವ್ರತ ತೊಟ್ಟವರಲ್ಲ. ದುಡಿದು ತಿನ್ನುತ್ತಿದ್ದರು, ಬೇಕೆನಿಸಿದರೆ ಬಿಟ್ಟು ಹೋಗಬಹುದಿತ್ತು. ಆ ಕಾಲದ ಹೆಂಗಸಿಗೆ ಅದು ಸಣ್ಣ ವಿಷಯವಲ್ಲ. ಈಗ ಬೆನೆಡಿಕ್ಟೈನ್ ಸನ್ಯಾಸಿನಿಯರು ಇದ್ದಾರೆ. ಬಿಳಿ ಮನೆಗಳು, ನಡುವೆ ಹುಲ್ಲು, ಎತ್ತರದ ಮರಗಳು. ಅಂಗಳಕ್ಕೆ ಟಿಕೆಟ್ ಇಲ್ಲ. ಒಳಗೆ ಜೋರಾಗಿ ಮಾತಾಡಬಾರದು.

ಅಲ್ಲಿಂದ ಮುಂದೆ ಸಂತ ಯಾನ್ ಆಸ್ಪತ್ರೆ, ಅದರ ಎದುರಿಗೇ ಮೇರಿ ಮಾತೆಯ ಚರ್ಚು. ಚರ್ಚಿನ ಗೋಪುರ 115 ಮೀಟರಿಗೂ ಹೆಚ್ಚು ಎತ್ತರ, ಬರೀ ಇಟ್ಟಿಗೆಯದು. ನಂತರ ಡೈವರ್ ಕಾಲುವೆ ದಂಡೆ ಹಿಡಿದು ಹೋದರೆ ರೋಜೆನ್‌ಹುಡ್‌ಕಾಯ್. ಎಲ್ಲ ಪೋಸ್ಟ್‌ಕಾರ್ಡಿನಲ್ಲೂ ಇರುವ ಜಾಗ ಅದೇ.

ಇನ್ನು ದೋಣಿ. ಬೆಳಿಗ್ಗೆ ಹತ್ತರ ಸುಮಾರಿಗೆ ಶುರುವಾಗುತ್ತದೆ, ಮೊದಲ ದೋಣಿಗಳಲ್ಲೇ ಹತ್ತಿಬಿಡಿ. ಅರ್ಧ ಗಂಟೆಯ ಸುತ್ತು. ಐದು ಕಡೆ ಹತ್ತುವ ಜಾಗವಿದೆ, ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ಸುತ್ತು. ನೀರಿನ ಮಟ್ಟಕ್ಕೆ ಕೆಲವು ಮೆಟ್ಟಿಲು ಇಳಿಯಬೇಕು, ಅಮ್ಮನ ಕೈ ಹಿಡಿದುಕೊಳ್ಳಿ. ಮಂಡಿ ನೋವಿದ್ದವರಿಗೆ ದೋಣಿಯೇ ಒಳ್ಳೆಯದು. ಕೂತಲ್ಲೇ ಮನೆಗಳ ಹಿಂಭಾಗ, ತೋಟ, ಸೇತುವೆಯ ಕೆಳಮೈ ಎಲ್ಲ ಕಾಣುತ್ತವೆ.

ಬೆಲ್‌ಫೋರ್ಟ್ ಗಂಟೆ ಗೋಪುರಕ್ಕೆ 366 ಮೆಟ್ಟಿಲು. ಲಿಫ್ಟ್ ಇಲ್ಲ. ಮೇಲೆ ಹೋದಂತೆ ಸುರುಳಿ ಮೆಟ್ಟಿಲು ಕಿರಿದಾಗುತ್ತದೆ, ಇಳಿಯುವವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಅಮ್ಮ ಹತ್ತುವುದು ಬೇಡ. ಕೆಳಗೆ ಚೌಕದಲ್ಲಿ ಕೂತರೂ 47 ಗಂಟೆಗಳ ನಾದ ಚೆನ್ನಾಗಿ ಕೇಳಿಸುತ್ತದೆ.

ಕುಮಟೆಯ ಕಡಲು

ಸಾಗರದವರ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲ. ಈ ಊರಿನ ದುಡ್ಡಿಗೂ ನಮ್ಮ ಕರಾವಳಿ, ಘಟ್ಟಕ್ಕೂ ನಂಟಿದೆ.

ಬ್ರೂಜ್ ಸಮುದ್ರದ ಮೇಲಿಲ್ಲ. ಕಡಲು ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರ. 1134ರಲ್ಲಿ ಬಂದ ದೊಡ್ಡ ಬಿರುಗಾಳಿಗೆ ಕರಾವಳಿ ಒಡೆದು ಝ್ವಿನ್ ಎಂಬ ಅಳಿವೆ ಒಳಗಿನವರೆಗೂ ಬಂತು. ಆ ನೀರಿನ ದಾರಿಗೆ ಊರಿನವರು ಕಾಲುವೆ ಜೋಡಿಸಿದರು. ಆ ದಾರಿಯಲ್ಲಿ ಡಾಮೆ, ಸ್ಲೌಸ್ ಎಂಬ ಬಂದರುಗಳು ಹುಟ್ಟಿಕೊಂಡವು. ದೊಡ್ಡ ಹಡಗುಗಳ ಸರಕು ಅಲ್ಲಿ ಸಣ್ಣ ದೋಣಿಗೆ ಇಳಿದು ಬ್ರೂಜ್ ಒಳಗೆ ಬರುತ್ತಿತ್ತು. ಇಂಗ್ಲೆಂಡಿನ ಉಣ್ಣೆ, ಬ್ರೂಜ್ ಇರುವ ಫ್ಲಾಂಡರ್ಸ್ ನಾಡಿನ ಬಟ್ಟೆ, ಬಾಲ್ಟಿಕ್ ಕಡೆಯ ತುಪ್ಪಳ. 1277ರಲ್ಲಿ ಜೆನೋವಾದ ಹಡಗುಗಳು ಜಿಬ್ರಾಲ್ಟರ್ ಸುತ್ತಿ ಇಲ್ಲಿಗೆ ಬಂದವು. ಮುಂದೆ ವೆನಿಸ್‌ನವೂ ಬಂದವು. ಅವುಗಳಲ್ಲಿ ಕಾಳುಮೆಣಸು ಇರುತ್ತಿತ್ತು. ಆ ಮೆಣಸು ಬೆಳೆದದ್ದು ನಮ್ಮ ಪಶ್ಚಿಮ ಘಟ್ಟದ ಬುಡದಲ್ಲಿ. ಅರಬ್ಬರ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ, ಅಲೆಕ್ಸಾಂಡ್ರಿಯಾಕ್ಕೆ, ವೆನಿಸ್‌ಗೆ, ಕೊನೆಗೆ ಬ್ರೂಜ್‌ನ ಅಂಗಡಿಗೆ.

ಮಾರುಕಟ್ಟೆ ಚೌಕದ ಪೂರ್ವಕ್ಕೆ ಈಗ ಪ್ರಾಂತೀಯ ಭವನ ಎಂಬ ಭಾರಿ ಕಟ್ಟಡವಿದೆ. ನೋಡಿದವರು ಅದನ್ನು ಬಹಳ ಹಳೆಯದು ಅಂದುಕೊಳ್ಳುತ್ತಾರೆ. ಕಟ್ಟಲು ಶುರು ಮಾಡಿದ್ದು 19ನೇ ಶತಮಾನದ ಕೊನೆಗೆ. ಅದೇ ಜಾಗದಲ್ಲಿ ಮೊದಲು ನೀರಿನ ಮೇಲೆಯೇ ಕಟ್ಟಿದ ದೊಡ್ಡ ಸರಕು ಮಂಟಪವಿತ್ತು. ದೋಣಿ ನೇರ ಚಾವಣಿಯ ಕೆಳಗೇ ಬಂದು ನಿಲ್ಲುತ್ತಿತ್ತು, ಮಳೆಯಲ್ಲೂ ಸರಕು ನೆನೆಯುತ್ತಿರಲಿಲ್ಲ. 1787ರಲ್ಲಿ ಅದನ್ನು ಕೆಡವಿದರು. ಅಪ್ಪನನ್ನು ಆ ಚೌಕದಲ್ಲಿ ನಿಲ್ಲಿಸಿ, ಕಾಲ ಕೆಳಗೆ ಒಂದು ಕಾಲದಲ್ಲಿ ದೋಣಿ ಬರುತ್ತಿತ್ತು ಎಂದು ಹೇಳಿ.

ದುಡ್ಡು ಎಲ್ಲಿ ಹೋಯಿತು ಅಂದರೆ ಇನ್ನೊಂದು ಬಂದರು ಊರಾದ ಆಂಟ್‌ವರ್ಪ್‌ಗೆ. ಒಂದು ಕಾರಣ ಹೂಳು. ಝ್ವಿನ್ ವರ್ಷದಿಂದ ವರ್ಷಕ್ಕೆ ತುಂಬುತ್ತಾ ಹೋಯಿತು. ಇನ್ನೊಂದು ಕಾರಣ ರಾಜಕೀಯ. 1488ರಲ್ಲಿ ಊರಿನವರು ಆಗ ನಾಡಿನ ಆಡಳಿತ ನಡೆಸುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್‌ನನ್ನೇ ಹಿಡಿದು ಚೌಕದ ಕ್ರಾನೆನ್‌ಬುರ್ಗ್ ಮನೆಯಲ್ಲಿ ಕೂಡಿಹಾಕಿದರು. ಆ ಮನೆ ಇದ್ದ ಜಾಗದಲ್ಲಿ ಈಗ ಕೆಫೆ ಇದೆ. ಬಿಡುಗಡೆಯಾದ ಮೇಲೆ ಅವನು ಸುಮ್ಮನಿರಲಿಲ್ಲ, ಹೊರದೇಶದ ವರ್ತಕರು ಆಂಟ್‌ವರ್ಪ್‌ಗೆ ಹೋಗಲಿ ಎಂದ. ಮೂರನೆಯದು ನಮ್ಮ ಮೆಣಸು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆ ಮುಟ್ಟಿದ. ಪೋರ್ಚುಗೀಸರು ಮೆಣಸನ್ನು ತಾವೇ ಸಮುದ್ರದ ಮೇಲೆ ತರತೊಡಗಿದರು. ಮಾರಲು ಆರಿಸಿಕೊಂಡದ್ದು ಬ್ರೂಜ್ ಅಲ್ಲ, ಆಂಟ್‌ವರ್ಪ್. 1501ರಲ್ಲಿ ಮೊದಲ ಮೆಣಸಿನ ಹಡಗು ಅಲ್ಲಿಗೆ ಬಂತು.

ಅದೇ ಶತಮಾನದಲ್ಲಿ ನಿಮ್ಮ ಸಾಗರದ ಘಟ್ಟದ ಕೆಳಗೆ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ನಮ್ಮ ಮಿರ್ಜಾನ್ ಕೋಟೆ ಅವಳದ್ದೇ ಎನ್ನುತ್ತಾರೆ. ಗೇರುಸೊಪ್ಪೆ ನೋಡಿದ ಮೇಷ್ಟ್ರಿಗೆ ಬ್ರೂಜ್ ಖಂಡಿತ ಅರ್ಥವಾಗುತ್ತದೆ.

ವಿಜಯಪುರದಾಕೆ

ಕಡಲಿನವರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಚಿತ್ರಕಲೆ ಕಲಿತವಳು, ಹಾಗಾಗಿ ಎರಡು ಜಾಗ ಮಾತ್ರ ಒತ್ತಿ ಹೇಳುತ್ತೇನೆ.

ಮೇರಿ ಮಾತೆಯ ಚರ್ಚಿನಲ್ಲಿ ಮೈಕೆಲೆಂಜೆಲೊ ಕೆತ್ತಿದ ಅಮೃತಶಿಲೆಯ ತಾಯಿ ಮಗುವಿದೆ. ಅವನು ಇನ್ನೂ ಮೂವತ್ತು ದಾಟಿರಲಿಲ್ಲ ಆಗ. ಬ್ರೂಜ್‌ನ ಬಟ್ಟೆ ವ್ಯಾಪಾರಿ ಮನೆತನವೊಂದು ಅದನ್ನು ಕೊಂಡುತಂದಿತು. ಬಟ್ಟೆಯ ದುಡ್ಡು ಹೀಗೆ ಕಲ್ಲಾಯಿತು ನೋಡಿ. ಫ್ರೆಂಚರು 1794ರಲ್ಲಿ ಹೊತ್ತೊಯ್ದರು, ನೆಪೋಲಿಯನ್ ಸೋತ ಮೇಲೆ ವಾಪಸ್ ಬಂತು. 1944ರಲ್ಲಿ ಜರ್ಮನ್ ಸೈನಿಕರು ಹಾಸಿಗೆಗಳಲ್ಲಿ ಸುತ್ತಿ ರೆಡ್ ಕ್ರಾಸ್ ಲಾರಿಯಲ್ಲಿ ಸಾಗಿಸಿದರು. ಯುದ್ಧ ಮುಗಿದ ಮೇಲೆ ಆಸ್ಟ್ರಿಯಾದ ಆಲ್ಟಾಉಸ್ಸೇ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಮಗು ತಾಯಿಯ ತೊಡೆಯ ಮೇಲೆ ಕೂತಿಲ್ಲ. ಕೆಳಗೆ ಇಳಿಯಲು ಹೆಜ್ಜೆ ಎತ್ತಿದೆ, ಒಂದು ಕೈ ಇನ್ನೂ ಅವಳ ಕೈಯಲ್ಲಿದೆ. ತಾಯಿ ಮಗುವಿನ ಕಡೆ ನೋಡುತ್ತಿಲ್ಲ. ನಾನು ಎಷ್ಟು ಹೊತ್ತು ನಿಂತರೂ ಆ ಮುಖದಿಂದ ಕಣ್ಣು ತೆಗೆಯಲಾಗಲಿಲ್ಲ. ಚರ್ಚಿನ ಮುಂಭಾಗಕ್ಕೆ ಟಿಕೆಟ್ ಇಲ್ಲ, ಇದನ್ನು ನೋಡಲು ಬೇಕು.

ಎರಡನೆಯದು ಗ್ರೂನಿಂಗೆ ಮ್ಯೂಸಿಯಂ. ಅಲ್ಲಿ ಯಾನ್ ವ್ಯಾನ್ ಐಕ್ 1436ರಲ್ಲಿ ಮುಗಿಸಿದ ಚಿತ್ರವಿದೆ. ಮೇರಿಯ ಮುಂದೆ ಮುದುಕ ಪಾದ್ರಿ ವಾನ್ ಡೆರ್ ಪಾಲೆ ಮಂಡಿಯೂರಿದ್ದಾನೆ. ಕೈಯಲ್ಲಿ ಕನ್ನಡಕ, ಹಣೆಯಲ್ಲಿ ಉಬ್ಬಿದ ನರ. ಅವನ ವಯಸ್ಸನ್ನು ಕಲಾವಿದ ಒಂದಿಷ್ಟೂ ಮುಚ್ಚಿಟ್ಟಿಲ್ಲ. ಬಲಗಡೆ ನಿಂತ ಸಂತ ಜಾರ್ಜ್‌ನ ಕವಚದ ಹೊಳಪಿನಲ್ಲಿ ಒಂದು ಪುಟ್ಟ ಆಕೃತಿ ಕಾಣುತ್ತದೆ. ಅದು ವ್ಯಾನ್ ಐಕ್ ತಾನೇ ಎಂದು ಬಹಳ ಜನ ನಂಬುತ್ತಾರೆ. ಅಪ್ಪನಿಗೆ ಹುಡುಕಲು ಹೇಳಿ.

ಎರಡೂ ಆಗದಿದ್ದರೆ ಸಂತ ಯಾನ್ ಆಸ್ಪತ್ರೆ ಸಾಕು. 12ನೇ ಶತಮಾನದ ಆಸ್ಪತ್ರೆ. ಅಲ್ಲಿ ರೋಗಿಗಳನ್ನು ಮಲಗಿಸುತ್ತಿದ್ದ ಹಜಾರವನ್ನೇ ಈಗ ಮ್ಯೂಸಿಯಂ ಮಾಡಿದ್ದಾರೆ. ಆಸ್ಪತ್ರೆಗೆಂದೇ 15ನೇ ಶತಮಾನದ ಕಲಾವಿದ ಮೆಮ್ಲಿಂಗ್ ಬರೆದ ಚಿತ್ರಗಳು ಅದೇ ಕಟ್ಟಡದಲ್ಲಿ ಉಳಿದಿವೆ. ಮೂರು ಮಡಿಕೆಯ ದೊಡ್ಡ ಚಿತ್ರದ ಹಿನ್ನೆಲೆಯಲ್ಲಿ ಊರಿನ ಮರದ ಕ್ರೇನ್ ಇದೆ, ಚಿಕ್ಕದಾಗಿ. ದೊಡ್ಡ ಚಕ್ರದ ಒಳಗೆ ಜನ ನಡೆದು ನಡೆದು ಪೀಪಾಯಿ ಎತ್ತುತ್ತಿದ್ದ ಯಂತ್ರ ಅದು. ಮ್ಯೂಸಿಯಂಗಳಿಗೆ ವಾರದ ರಜೆ ಬೇರೆ ಬೇರೆ ದಿನ ಇರುತ್ತದೆ, ಹೋಗುವ ಮೊದಲು ನೋಡಿಕೊಳ್ಳಿ.

ಬೆಣ್ಣೆ ದೋಸೆ

ಊಟದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಚೌಕದಲ್ಲಿ ಗೋಪುರದ ಬುಡದಲ್ಲೇ ಆಲೂಗಡ್ಡೆ ಫ್ರೈಸ್ ಮಾರುವ ಗಾಡಿಗಳಿವೆ. ಬೆಲ್ಜಿಯಂನಲ್ಲಿ ಫ್ರೈಸ್ ಅನ್ನು ಎರಡು ಸಲ ಕರಿಯುತ್ತಾರೆ, ಹಳೆಯ ಪದ್ಧತಿಯಲ್ಲಿ ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಾನೇ ಅಂತ ನಮ್ಮವರು ಕೇಳದೇ ತಿಂದುಬಿಡುತ್ತಾರೆ. ಪ್ರತಿ ಅಂಗಡಿಯಲ್ಲೂ ಎಣ್ಣೆ ಯಾವುದು ಅಂತ ಕೇಳಿ. ಸಸ್ಯದ ಎಣ್ಣೆ ಬಳಸುವವರೂ ಈಗ ಇದ್ದಾರೆ. ಮೇಲೆ ಹಾಕುವ ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತದೆ. ವಾಫಲ್ ಹಿಟ್ಟಿನಲ್ಲೂ ಮೊಟ್ಟೆ. ಕ್ರೋಕೆಟ್ ಅಂದರೆ ಹೂರಣ ತುಂಬಿ ಕರಿದ ತಿಂಡಿ; ಚೀಸ್ ಕ್ರೋಕೆಟ್, ಸಿಗಡಿ ಕ್ರೋಕೆಟ್ ನೋಡಲು ಒಂದೇ ತರಹ. ಸೂಪಿಗೆ ಮಾಂಸದ ಸಾರು ಹಾಕಿರಬಹುದು. ಚಾಕೊಲೇಟ್ ಒಳಗೆ ಕೆಲವು ಸಲ ಮದ್ಯ ತುಂಬಿರುತ್ತಾರೆ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್ ಕೂಡ ಇರಬಹುದು. ಡಬ್ಬಿ ಕೊಳ್ಳುವಾಗ ಒಂದೊಂದನ್ನೂ ತೋರಿಸಿ ಕೇಳಿ, ಅಂಗಡಿಯವರು ಬೇಸರವಿಲ್ಲದೆ ಹೇಳುತ್ತಾರೆ.

ಅಮ್ಮನಿಗೆ ಮನೆಯಿಂದಲೇ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಅಸ್ಟ್ರಿಡ್ ಪಾರ್ಕಿನಲ್ಲಿ ಬೆಂಚಿದೆ, ನೆರಳಿದೆ, ಚೌಕದಿಂದ ಸ್ವಲ್ಪವೇ ದೂರ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ.

ಸಾಗರದ ಹುಡುಗಿ

ಇಷ್ಟೊಂದು ಅಕ್ಕರೆಯಿಂದ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಕಡಲಿನವರ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಒಂದು ಪ್ರಶ್ನೆ: ಅಸೆನ್ಷನ್ ಗುರುವಾರ, ಅಂದರೆ ಯೇಸು ಸ್ವರ್ಗಕ್ಕೆ ಏರಿದ ನೆನಪಿನ ಹಬ್ಬದ ದಿನ, ನನಗೆ ರಜೆ. ಆ ದಿನ ಹೋಗಬಹುದಾ?

ಗೆಂಟ್ ಕನ್ನಡಿಗ

ಆ ದಿನ ಬ್ರೂಜ್‌ನಲ್ಲಿ ಪವಿತ್ರ ರಕ್ತದ ಮೆರವಣಿಗೆ. ಕ್ರಿಸ್ತನ ರಕ್ತದ ಗುರುತು ಇದೆ ಎಂದು ನಂಬುವ ಬಟ್ಟೆಯ ಚೂರನ್ನು ಬುರ್ಗ್ ಚೌಕದ ಬೆಸಿಲಿಕಾದಲ್ಲಿ ಇಟ್ಟಿದ್ದಾರೆ. ಅಂದು ಅದನ್ನು ಬೀದಿಯಲ್ಲಿ ಒಯ್ಯುತ್ತಾರೆ. ಊರಿನವರೇ ವೇಷ ಹಾಕಿ ಬೈಬಲ್‌ ಕಥೆ ತೋರಿಸುತ್ತಾರೆ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಮೆರವಣಿಗೆಯನ್ನೇ ನೋಡಬೇಕು ಅಂದರೆ ಹೋಗಿ, ಅದ್ಭುತವಾಗಿರುತ್ತದೆ. ಊರು ನೋಡಬೇಕು ಅಂದರೆ ಬೇಡ. ದಾರಿಗಳು ಮುಚ್ಚಿರುತ್ತವೆ, ಜನ ಜಾಸ್ತಿ. ವಾರದ ನಡುವಿನ ಒಂದು ಮಾಮೂಲಿ ದಿನ ಹೋಗಿ. ಬುಧವಾರವಾದರೆ ಬೆಳಿಗ್ಗೆ ಚೌಕದಲ್ಲಿ ಸಂತೆಯೂ ಇರುತ್ತದೆ. ಊರಿನವರು ಬಂದು ತರಕಾರಿ, ಹೂವು, ಚೀಸ್ ಕೊಳ್ಳುತ್ತಾರೆ.

ಸಾಗರದ ಹುಡುಗಿ

ಹೋಗಿ ಬಂದೆವು! ಬುಧವಾರವೇ ಹೋದದ್ದು.

ಬೆಖೈನ್‌ಹಾಫ್‌ನಲ್ಲಿ ಅಮ್ಮ ಎದ್ದು ಬರಲು ಒಪ್ಪಲೇ ಇಲ್ಲ. ಗಂಡ ಸತ್ತ ಮೇಲೆ ಯಾರ ಮನೆಯ ಮೂಲೆಯಲ್ಲೂ ಇರದೆ ಬದುಕಿದರಲ್ಲ ಇವರು ಎಂದು ಎರಡು ಮೂರು ಸಲ ಹೇಳಿದರು. ನಮ್ಮ ಅಜ್ಜಿಯ ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅವರ ಬಗ್ಗೆ ಅಮ್ಮ ಇಷ್ಟು ವಿವರವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮ್ಯೂಸಿಯಂ ಒಂದು ಕಡಿಮೆಯಾದರೂ ಪರವಾಗಿಲ್ಲ ಅನ್ನಿಸಿತು. ಗ್ರೂನಿಂಗೆ ಬಿಟ್ಟೆವು.

ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಯಾನ್ ವ್ಯಾನ್ ಐಕ್ ಚೌಕ. ಮಾರುಕಟ್ಟೆ ಚೌಕದಿಂದ ಬಡಗಣ ದಿಕ್ಕಿಗೆ ಐದು ನಿಮಿಷ ನಡೆದರೆ ಸಿಗುತ್ತದೆ, ಅಲ್ಲಿಗೆ ಗುಂಪುಗಳು ಅಷ್ಟಾಗಿ ಬರುವುದಿಲ್ಲ. ಹಡಗಿನ ಸರಕಿಗೆ ಸುಂಕ ವಸೂಲಿ ಮಾಡುತ್ತಿದ್ದ ಕಟ್ಟಡ ಇನ್ನೂ ಇದೆ. ಪಕ್ಕದಲ್ಲಿ ಊರಿನ ಶ್ರೀಮಂತರು ಸೇರುತ್ತಿದ್ದ ಮನೆ. ಮುಂದೆ ಸ್ಪೀಗೆಲ್‌ರೈ ಕಾಲುವೆ ನೇರ ಹೋಗುತ್ತದೆ. ಅಪ್ಪ ದಂಡೆಯ ಮೇಲೆ ನಿಂತು, ಮೆಣಸಿನ ಮೂಟೆ ಈ ಕಡೆಯಿಂದಲೇ ಬಂದಿರಬೇಕು, ಇಲ್ಲೇ ಸುಂಕ ಕಟ್ಟಿರಬೇಕು ಎಂದು ಲೆಕ್ಕ ಹಾಕತೊಡಗಿದರು. ಪಾಠ ಮಾಡುವ ದನಿ ವಾಪಸ್ ಬಂದಿತ್ತು.

ಕಲ್ಲು ಹಾಸಿನ ಬೀದಿ ಅಮ್ಮನ ಮಂಡಿಗೆ ಕಷ್ಟವಾಯಿತು. ಮಧ್ಯಾಹ್ನದ ಮೇಲೆ ಊರ ನಡುವಿನಿಂದ ನಿಲ್ದಾಣದ ಬಸ್ ಹಿಡಿದದ್ದು ಒಳ್ಳೆಯದಾಯಿತು. ಹಿರಿಯರನ್ನು ಕರೆದೊಯ್ಯುವವರು ದಪ್ಪ ಅಟ್ಟೆಯ ಬೂಟು ಹಾಕಿಸಿ. ಸಂಜೆಯವರೆಗೆ ಇರಲಾಗಲಿಲ್ಲ.

ಹುಬ್ಬಳ್ಳಿಯವ

ಓದಿ ಸಂತೋಷವಾಯಿತು ಅಕ್ಕ. ಬೆಳಿಗ್ಗೆ ಬೇಗ ಹೋದರೆ ಬೇರೆಯೇ ಊರು ಎಂಬುದನ್ನು ಒಪ್ಪುತ್ತೇನೆ. ಆದರೆ ನನ್ನ ಕಳವಳ ಹಾಗೇ ಇದೆ. ಹಳೆ ಕೋಟೆ ಗೆರೆಯ ಒಳಗೆ ಈಗ ವಾಸ ಇರುವವರು ಸುಮಾರು 20 ಸಾವಿರ ಜನ. ದಿನವೂ ಬಂದು ಹೋಗುವ ಪ್ರವಾಸಿಗರ ಮುಂದೆ ಅವರು ಎಲ್ಲೂ ಕಾಣುವುದಿಲ್ಲ. ಅದಕ್ಕೇ 2019ರಲ್ಲಿ ನಗರಾಡಳಿತ ಒಂದು ದಿನದ ಪ್ರವಾಸಕ್ಕೆ ಪ್ರಚಾರ ಕೊಡುವುದನ್ನು ನಿಲ್ಲಿಸಲು, ಝೀಬ್ರುಗ್ಗೆ ಬಂದರಿಗೆ ಬರುವ ಪ್ರವಾಸಿ ಹಡಗುಗಳನ್ನು ಕಡಿಮೆ ಮಾಡಲು ಹೊರಟಿತು. ಒಂದು ರಾತ್ರಿ ಉಳಿಯಿರಿ, ಊರಿನವರ ಅಂಗಡಿಯಲ್ಲಿ ಊಟ ಮಾಡಿ. ಉಳಿಯಲಾಗದಿದ್ದರೆ ಊರಿನವರಿಗೆ ಒಂದಿಷ್ಟು ಸಂಪಾದನೆಯಾದರೂ ಆಗುವಂತೆ ನೋಡಿಕೊಳ್ಳಿ.

ಕುಮಟೆಯ ಕಡಲು

ಹುಬ್ಬಳ್ಳಿಯವರ ಮಾತಿನಲ್ಲಿ ತೂಕವಿದೆ. ಆದರೆ ಆ ಊರಿಗೆ ಬಡತನವೂ ಗೊತ್ತು. ವ್ಯಾಪಾರ ಹೋದ ಮೇಲೆ ನೂರಾರು ವರ್ಷ ಅಲ್ಲಿ ಹೊಸದನ್ನು ಕಟ್ಟಲು ದುಡ್ಡಿರಲಿಲ್ಲ. 19ನೇ ಶತಮಾನದ ನಡುವಿಗೆ ಬೆಲ್ಜಿಯಂನ ತೀರಾ ಬಡ ಊರುಗಳಲ್ಲಿ ಬ್ರೂಜ್ ಒಂದು. ಸಾವಿರಾರು ಹೆಂಗಸರು, ಹುಡುಗಿಯರು ಲೇಸ್ ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಹಳೆ ಮನೆಗಳು ಉಳಿದದ್ದರಲ್ಲಿ ಆ ಬಡತನದ ಪಾಲು ದೊಡ್ಡದು. ಆಮೇಲೆ ಪ್ರವಾಸಿಗರು ಬರತೊಡಗಿದಾಗ ಊರನ್ನು ಹಳೆಯ ರೂಪಕ್ಕೆ ತಿದ್ದಿದರು. ಚರ್ಚಿನ ಹಿಂದಿನ ಬೋನಿಫಾಸಿಯಸ್ ಸೇತುವೆಯನ್ನು ಎಲ್ಲರೂ ಮಧ್ಯಯುಗದ್ದು ಅಂದುಕೊಂಡು ಫೋಟೋ ತೆಗೆಯುತ್ತಾರೆ, ಕಟ್ಟಿದ್ದು 1910ರ ಸುಮಾರಿಗೆ. ಸುಂದರ ಸೇತುವೆಯೇ. ಆದರೆ ಕಾಲ ತಿಳಿದು ನೋಡಬೇಕು.

ಬಯಲುಸೀಮೆ ಸೈಕಲ್

ಇಡೀ ಚರ್ಚೆ ಓದಿದೆ. ನಾವು ಇಬ್ಬರು ಮಕ್ಕಳ ಜೊತೆ ಜೂನ್‌ನಲ್ಲಿ ಹೋಗುತ್ತೇವೆ. ಮಕ್ಕಳಿಗೆ ಚರ್ಚು, ಚಿತ್ರ ಜಾಸ್ತಿ ಹೊತ್ತು ಆಗಲ್ಲ. ಏನು ಮಾಡಬಹುದು?

ಗೆಂಟ್ ಕನ್ನಡಿಗ

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ, ನಿಲ್ದಾಣದ ಹತ್ತಿರವೇ ಸಿಗುತ್ತವೆ. ಊರಿನ ಪೂರ್ವದ ಅಂಚಿನಲ್ಲಿ ಹಳೆ ಕೋಟೆ ಏರಿಯ ಮೇಲೆ ನಾಲ್ಕು ಗಾಳಿಗಿರಣಿಗಳಿವೆ. ಅದರಲ್ಲಿ ಸಂತ ಯಾನ್ ಮನೆಯ ಗಿರಣಿ 1770ರದ್ದು, ಅಲ್ಲೇ ನಿಂತಿದೆ, ಈಗಲೂ ಹಿಟ್ಟು ಬೀಸುತ್ತದೆ. ತೆರೆದಿದ್ದರೆ ಮಕ್ಕಳನ್ನು ಒಳಗೆ ಹತ್ತಿಸಿ.

ಅಲ್ಲಿಂದ ಡಾಮೆಗೆ ಏಳು ಕಿಲೋಮೀಟರಿಗಿಂತ ಕಡಿಮೆ, ಏರು ತಗ್ಗು ಏನೂ ಇಲ್ಲ. ನೆಪೋಲಿಯನ್ ಕಾಲದಲ್ಲಿ ತೋಡಲು ಶುರು ಮಾಡಿದ ಕಾಲುವೆಯ ದಂಡೆಯ ಮೇಲೇ ದಾರಿ, ಎರಡೂ ಕಡೆ ಪಾಪ್ಲರ್ ಮರಗಳ ಸಾಲು. ಒಂದು ಕಾಲದ ಬಂದರು ಡಾಮೆ, ಈಗ ಚಿಕ್ಕ ಹಳ್ಳಿ. ಸುತ್ತ ಹೊಲ, ದನ. ಸಮುದ್ರ ಎಲ್ಲಿ ಎಂದು ಮಕ್ಕಳು ಕೇಳಿದರೆ ಮೇಲೆ ಕಡಲಿನವರು ಬರೆದದ್ದನ್ನು ಹೇಳಿ. ವಾಪಸ್ ಬರುವಾಗ ಎದುರುಗಾಳಿ ಇರಬಹುದು, ಚಿಕ್ಕವರಿಗೆ ಹಿಂದೆ ಕೂರುವ ಸೀಟು ಇರುವ ಸೈಕಲ್‌ ಅನ್ನೇ ಕೇಳಿ ತೆಗೆದುಕೊಳ್ಳಿ.